ಪಂಚಿಂಗ್ ಬ್ಯಾಗ್ ಇಲ್ಲದ ಮನೆಯಲ್ಲಿ ಪಂಚ್ ಅಭ್ಯಾಸ ಹೇಗೆ?

ಬೇಸಿಗೆ ರಜೆಯ ಕರಾಟೆ ಶಿಬಿರಗಳು ಮೇ ಕೊನೆಗೆ ಮುಗಿಯುತ್ತವೆ. ಶಾಲೆ ಶುರುವಾಗುತ್ತದೆ, ಅದರ ಬೆನ್ನಿಗೇ ಮಳೆ. ಮೈದಾನದಲ್ಲಿ ಕೆಸರು, ತಾರಸಿಯಲ್ಲಿ ಪಾಚಿ. ಶಿಬಿರಕ್ಕೆ ಹೋಗಿ ಬಂದ ಮಗುವಿನ ಕೈ ಮಾತ್ರ ಸುಮ್ನಿರುವುದಿಲ್ಲ. ಸೋಫಾ ದಿಂಬಿಗೊಂದು ಗುದ್ದು, ಬಾಗಿಲಿಗೊಂದು, ಸಿಕ್ಕರೆ ತಮ್ಮನಿಗೂ ಒಂದು. ಆಮೇಲೆ ಪಂಚಿಂಗ್ ಬ್ಯಾಗ್ ಕೊಡಿಸಿ ಅನ್ನುವ ಹಟ.

ಇದು ಮಕ್ಕಳ ವಿಷಯ ಮಾತ್ರ ಅಲ್ಲ. ಸರ್ಕಾರಿ ಶಾಲೆಗಳಲ್ಲಿ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿ ಪಡೆದ ಹುಡುಗಿಯರಿಗೂ ತರಬೇತಿ ಮುಗಿದ ಮೇಲೆ ಮುಂದೇನು ಅನ್ನುವ ಪ್ರಶ್ನೆ ಇರುತ್ತದೆ. ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವವರಿಗೆ ಸಂಜೆ ಆರರ ಕ್ಲಾಸು ವಾರ ಬಿಟ್ಟು ವಾರ ತಪ್ಪಿಹೋಗುತ್ತದೆ. ಎಲ್ಲರಿಗೂ ಉಳಿಯುವುದು ಮನೆಯೇ. ಮೈಸೂರಿನ ಇಪ್ಪತ್ತು-ಮೂವತ್ತರ ಸೈಟಿನ ಬಾಡಿಗೆ ಮನೆಯೋ, ಮಂಡ್ಯದ ಕಡೆಯ ಹೆಂಚಿನ ಮನೆಯ ಹಜಾರವೋ, ಎಲ್ಲಿ ನೋಡಿದರೂ ಮಂಚ, ಬೀರು, ಟಿವಿ. ಇದರ ನಡುವೆ ಕೈ ಬೀಸುವುದು ಎಲ್ಲಿ?

ಜಾಗ ಸಾಲುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಪಂಚ್ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಬಲ ಬರುವುದು ಎಲ್ಲಿಂದ?

ನೋಡುವವರಿಗೆ ಪಂಚ್ ಅಂದರೆ ಕೈ. ಆದರೆ ಕೈಯ ಸ್ನಾಯುಗಳು ಒಂದೇ ಕೊಡುವ ಬಲ ತೀರಾ ಕಡಿಮೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ನಿಂತಾಗ ಹಿಂದಿನ ಕಾಲಿನ ಮುಂಗಾಲು, ಅಂದರೆ ಬೆರಳುಗಳ ಬುಡದ ಅಡಿಭಾಗ, ನೆಲವನ್ನು ಒತ್ತುತ್ತದೆ. ಆ ಒತ್ತಡಕ್ಕೆ ಸೊಂಟ ತಿರುಗುತ್ತದೆ. ಸೊಂಟದ ಜೊತೆ ಎದೆ, ಹೆಗಲು ತಿರುಗುತ್ತವೆ. ಕೈ ಹೊರಡುವುದು ಕೊನೆಗೆ.

ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೂ ಮದ್ದೂರು, ಮಳವಳ್ಳಿಯ ಕೊನೆಭಾಗದ ಗದ್ದೆಗೆ ನೀರು ಬರಲಿಲ್ಲ ಅನ್ನುವ ದೂರು ಆಗಾಗ ಕೇಳುತ್ತೇವೆ. ನಡುವೆ ಎಲ್ಲೋ ಹೂಳು ತುಂಬಿರುತ್ತದೆ, ಎಲ್ಲೋ ತೂಬು ಮುಚ್ಚಿರುತ್ತದೆ. ಪಂಚಿನಲ್ಲಿ ಪಾದವೇ ಅಣೆಕಟ್ಟು, ಮುಷ್ಟಿಯೇ ಕೊನೆಭಾಗದ ಗದ್ದೆ. ಸೊಂಟ ತಿರುಗದೆ ನಿಂತರೆ, ಹೆಗಲು ಬಿಗಿಯಾಗಿದ್ದರೆ, ಮಣಿಕಟ್ಟು ಬಾಗಿದರೆ, ಅಲ್ಲಲ್ಲೇ ಬಲ ನಿಂತುಹೋಗುತ್ತದೆ.

ಹಾಗಾಗಿ ಮನೆಯಲ್ಲಿ ಮಾಡಬೇಕಾದ ಕೆಲಸದ ಬಹುಪಾಲು ಹೂಳು ತೆಗೆಯುವ ಕೆಲಸ. ಅದಕ್ಕೆ ಜೋರಾಗಿ ಹೊಡೆಯಬೇಕಾಗಿಲ್ಲ. ನಿಧಾನವಾಗಿ, ಒಂದು ಪಂಚಿಗೆ ಹತ್ತು ಸೆಕೆಂಡು ತೆಗೆದುಕೊಂಡು, ಪಾದದಿಂದ ಮುಷ್ಟಿವರೆಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ನೋಡಿಕೊಂಡು ಮಾಡಿದರೆ ಸಾಕು. ಬೇಸರದ ಕೆಲಸ, ನಿಜ. ಆದರೆ ಕ್ಲಾಸಿನಲ್ಲಿ ಮೂವತ್ತು ಜನರ ಜೊತೆ ಎಣಿಕೆಗೆ ಸರಿಯಾಗಿ ಹೊಡೆಯುವಾಗ ಇದನ್ನು ಗಮನಿಸಲು ಬಿಡುವೇ ಸಿಗುವುದಿಲ್ಲ. ಮನೆಯಲ್ಲಿ ಸಿಗುತ್ತದೆ.

ಮುಷ್ಟಿ ಕಟ್ಟುವುದು

ಇದನ್ನು ಊಟದ ಮೇಜಿನ ಮುಂದೆ ಕೂತುಕೊಂಡೇ ಕಲಿಯಬಹುದು. ಕೈ ಚಾಚಿ. ನಾಲ್ಕು ಬೆರಳುಗಳನ್ನು ಮೊದಲ ಎರಡು ಗೆಣ್ಣುಗಳಲ್ಲಿ ಮಡಚಿ, ಬೆರಳ ತುದಿ ಅಂಗೈಗೆ ತಗಲಲಿ. ಆಮೇಲೆ ಪೂರ್ತಿ ಮಡಚಿ. ಹೆಬ್ಬೆರಳು ಹೊರಗೆ, ತೋರುಬೆರಳು ಮತ್ತು ನಡುಬೆರಳಿನ ಮೇಲೆ ಅಡ್ಡವಾಗಿ ಕೂರಬೇಕು. ಹೆಬ್ಬೆರಳನ್ನು ಮುಷ್ಟಿಯ ಒಳಗೆ ಬಚ್ಚಿಡುವುದು ಚಿಕ್ಕ ಮಕ್ಕಳ ಅಭ್ಯಾಸ. ಹಾಗೆ ಹೊಡೆದರೆ ಹೆಬ್ಬೆರಳಿಗೇ ಪೆಟ್ಟು.

ಈಗ ಮುಷ್ಟಿಯನ್ನು ಮೇಜಿನ ಮೇಲೆ ನೆಟ್ಟಗೆ ಊರಿ, ಸ್ವಲ್ಪ ಭಾರ ಬಿಡಿ. ತಗಲಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ಬುಡದ ಎರಡು ಗೆಣ್ಣುಗಳು. ಹೀಗೇ ಯಾಕೆ? ಅಂಗೈಯಲ್ಲಿ ಒಂದೊಂದು ಬೆರಳಿಗೆ ಒಂದೊಂದು ಉದ್ದ ಮೂಳೆ ಇದೆ. ತೋರುಬೆರಳು, ನಡುಬೆರಳಿನ ಮೂಳೆಗಳು ಮಣಿಕಟ್ಟಿಗೆ ಗಟ್ಟಿಯಾಗಿ ಕೂತಿವೆ, ಹೆಚ್ಚು ಅಲುಗಾಡುವುದಿಲ್ಲ. ಉಂಗುರಬೆರಳು, ಕಿರುಬೆರಳಿನ ಮೂಳೆಗಳು ಅಲುಗಾಡುತ್ತವೆ. ವಸ್ತುಗಳನ್ನು ಹಿಡಿಯುವಾಗ ಅಂಗೈ ಕುಳಿಯಾಗಲು ಅದು ಬೇಕು. ಹೊಡೆಯುವಾಗ ಮಾತ್ರ ಅದೇ ತೊಂದರೆ. ಕಿರುಬೆರಳಿನ ಕಡೆಯಿಂದ ಪೆಟ್ಟು ಬಿದ್ದರೆ ಆ ಮೂಳೆಯ ಕುತ್ತಿಗೆ ಭಾಗ ಮುರಿಯುತ್ತದೆ. ವೈದ್ಯರು ಇದನ್ನು ಬಾಕ್ಸರ್ಸ್ ಫ್ರಾಕ್ಚರ್ ಅನ್ನುತ್ತಾರೆ. ಹೆಸರಲ್ಲಿ ಬಾಕ್ಸರ್ ಇದ್ದರೂ ಸಿಟ್ಟಿಗೆ ಗೋಡೆಗೋ ಬಾಗಿಲಿಗೋ ಗುದ್ದಿದವರಲ್ಲೇ ಇದು ಸಾಮಾನ್ಯ.

ಮಣಿಕಟ್ಟು ಮೇಲಕ್ಕೂ ಬಾಗಬಾರದು, ಕೆಳಕ್ಕೂ ಬಾಗಬಾರದು. ಮೊಣಕೈಯಿಂದ ಆ ಎರಡು ಗೆಣ್ಣಿನವರೆಗೆ ಒಂದು ಸ್ಕೇಲ್ ಇಟ್ಟರೆ ಕೂರುವಷ್ಟು ನೇರ ಇರಬೇಕು. ಇನ್ನೊಂದು ವಿಷಯ: ಮುಷ್ಟಿಯನ್ನು ಮೊದಲಿನಿಂದ ಕೊನೆವರೆಗೂ ಗಟ್ಟಿ ಹಿಡಿಯುವುದಲ್ಲ. ತಗಲುವ ಕ್ಷಣಕ್ಕೆ ಬಿಗಿ, ಉಳಿದಂತೆ ಸಡಿಲ. ಮೊದಲೇ ಬಿಗಿ ಹಿಡಿದರೆ ಹೆಗಲೂ ಬಿಗಿಯಾಗಿ ಕೈ ನಿಧಾನವಾಗುತ್ತದೆ.

ಜಾಗ ಎಷ್ಟು ಬೇಕು?

ಯೋಗದ ಊರು ಮೈಸೂರು. ಒಂದು ಯೋಗ ಮ್ಯಾಟ್ ಇಲ್ಲದ ಬೀದಿ ಹುಡುಕುವುದು ಕಷ್ಟ. ಅದರ ಅಳತೆ ಸುಮಾರು ಆರಡಿ ಉದ್ದ, ಎರಡಡಿ ಅಗಲ. ನೇರ ಪಂಚಿಗೆ ಇಷ್ಟು ಸಾಕು: ನಿಲ್ಲಲು ಒಂದು ಹೆಜ್ಜೆ ಅಂತರ, ಮುಂದೆ ಒಂದು ತೋಳಿನಳತೆ.

ಆದರೆ ಮ್ಯಾಟನ್ನು ಅಳತೆಗೆ ಮಾತ್ರ ಬಳಸಿ, ಅದರ ಮೇಲೆ ನಿಲ್ಲಬೇಡಿ. ಸೊಂಟ ತಿರುಗಿದಾಗ ಹಿಂದಿನ ಪಾದವೂ ಮುಂಗಾಲಿನ ಮೇಲೆ ತಿರುಗಬೇಕು. ಯೋಗ ಮ್ಯಾಟ್ ಪಾದವನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಮಾಡಿದ್ದು. ಪಾದ ನಿಂತು ಮೈ ತಿರುಗಿದರೆ ಆ ತಿರುಚು ಮಂಡಿಗೆ ಬೀಳುತ್ತದೆ. ಹಾಗಂತ ಸಾಕ್ಸ್ ಹಾಕಿಕೊಂಡು ವಿಟ್ರಿಫೈಡ್ ಟೈಲ್ಸ್ ಮೇಲೆ ನಿಂತರೆ ಜಾರುವುದು ಗ್ಯಾರಂಟಿ. ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ಒಣಗಿದ್ದರೆ, ಬರಿಗಾಲಿಗೆ ಚೆನ್ನಾಗಿ ಹೊಂದುತ್ತದೆ. ತಾರಸಿಯ ಒರಟು ನೆಲದಲ್ಲಿ ಮುಂಗಾಲಿನ ಚರ್ಮ ಕಿತ್ತುಬರುತ್ತದೆ, ಅಲ್ಲಿ ಶೂ ಹಾಕಿಕೊಳ್ಳಿ. ಮೋಟುಗೋಡೆಯಿಂದ ದೂರ ನಿಲ್ಲಿ. ಮುಖ ಅದರ ಕಡೆ ಇರುವುದಂತೂ ಬೇಡವೇ ಬೇಡ.

ಇಕ್ಕಟ್ಟು ಜಾಗದಿಂದ ಒಂದು ಲಾಭವೂ ಇದೆ. ಹೊಸಬರ ದೊಡ್ಡ ತಪ್ಪು ಅಂದರೆ ಪಂಚ್ ಹೊರಡುವಾಗ ಮೊಣಕೈ ಪಕ್ಕಕ್ಕೆ ಎದ್ದುಬಿಡುವುದು. ಹಾಗಾದಾಗ ಹೊಡೆತ ನೇರ ಹೋಗದೆ ಸುತ್ತಿಕೊಂಡು ಹೋಗುತ್ತದೆ, ಎದುರಿನವರಿಗೆ ಮೊದಲೇ ಕಾಣುತ್ತದೆ, ಮಣಿಕಟ್ಟೂ ಬಾಗುತ್ತದೆ. ಇದನ್ನು ತಿದ್ದಲು ಗೋಡೆ ಸಾಕು. ಅಡುಗೆಮನೆಗೆ ಹೋಗುವ ಓಣಿಯಲ್ಲಿ ಬಲ ಹೆಗಲು ಗೋಡೆಗೆ ಹತ್ತಿರ ಬರುವಂತೆ, ನಡುವೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು ನಿಲ್ಲಿ. ಬಲಗೈಯಲ್ಲಿ ನಿಧಾನವಾಗಿ ಪಂಚ್ ಮಾಡಿ. ಮೊಣಕೈ ಗೋಡೆಗೆ ಉಜ್ಜಿದರೆ ಅದು ಎದ್ದಿದೆ ಅಂತ ಅರ್ಥ. ಉಜ್ಜದೆ ಹೋಗಿ ಬರುವವರೆಗೆ ಮಾಡಿ. ದೊಡ್ಡ ಹಾಲ್ ಇರುವವರಿಗೂ ಈ ಓಣಿಯಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳಿಕೊಡುವುದಿಲ್ಲ.

ಬ್ಯಾಗ್ ಮಾಡುವ ಮೂರು ಕೆಲಸ

ಬ್ಯಾಗ್ ಇಲ್ಲ ಅಂತ ಚಿಂತಿಸುವ ಮೊದಲು, ಬ್ಯಾಗ್ ಏನು ಮಾಡುತ್ತದೆ ಅಂತ ನೋಡೋಣ. ಒಂದು, ದೂರ ಹೇಳುತ್ತದೆ: ಎಲ್ಲಿ ನಿಂತರೆ ಕೈ ಎಲ್ಲಿಗೆ ಮುಟ್ಟುತ್ತದೆ. ಎರಡು, ತಡೆ ಕೊಡುತ್ತದೆ: ಕೈ ಯಾವುದಕ್ಕೋ ತಾಗಿ ನಿಲ್ಲುತ್ತದೆ, ಮಣಿಕಟ್ಟು ಆ ಪೆಟ್ಟನ್ನು ತಾಳಲು ಕಲಿಯುತ್ತದೆ. ಮೂರು, ಸರಿಯಾಯಿತೋ ಇಲ್ಲವೋ ಅನ್ನುವ ಸುಳಿವು ಕೊಡುತ್ತದೆ. ಈ ಮೂರನ್ನೂ ಒಂದೇ ವಸ್ತು ಮಾಡಬೇಕೆಂದಿಲ್ಲ. ಮನೆಯಲ್ಲಿ ಹಂಚಿಕೊಡಬಹುದು.

ದೂರಕ್ಕೆ ಗೋಡೆ. ಕೈ ಚಾಚಿದಾಗ ಗೆಣ್ಣು ಗೋಡೆಗೆ ಬರೀ ಸೋಕುವಂತೆ ನಿಂತುಕೊಳ್ಳಿ. ಅಲ್ಲಿಂದ ನಿಧಾನವಾಗಿ ಪಂಚ್ ಮಾಡಿ, ಸೋಕಿಸಿ, ವಾಪಸ್. ಸೊಂಟ ತಿರುಗಿಸಿದಾಗ ಕೈ ಮೊದಲಿಗಿಂತ ಎಷ್ಟು ಮುಂದೆ ಹೋಗುತ್ತದೆ ಅಂತ ಇಲ್ಲಿ ಗೊತ್ತಾಗುತ್ತದೆ. ಆಶ್ಚರ್ಯವಾಗುವಷ್ಟು ಹೋಗುತ್ತದೆ.

ಸುಳಿವಿಗೆ ಹಳೇ ದಿನಪತ್ರಿಕೆ. ಒಂದು ಹಾಳೆಯನ್ನು ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ ಹಾಕಿ, ಎದೆಯೆತ್ತರಕ್ಕೆ ಬರುವಂತೆ ತೂಗಿಬಿಡಿ. ಕೈಯನ್ನು ತಳ್ಳಿದರೆ ಹಾಳೆ ಸುಮ್ನೆ ಹಿಂದಕ್ಕೆ ವಾಲುತ್ತದೆ. ಚುರುಕಾಗಿ ಹೋಗಿ ಅಷ್ಟೇ ಚುರುಕಾಗಿ ವಾಪಸ್ ಬಂದರೆ ಟಪ್ ಅನ್ನುವ ಸದ್ದು ಬರುತ್ತದೆ, ಕೆಲವೊಮ್ಮೆ ಹಾಳೆ ಹರಿಯುತ್ತದೆ. ಹಾಳೆಗೆ ವಾಲಲು ಸಮಯ ಸಿಗುವ ಮುಂಚೆ ಕೈ ಬಂದು ಹೋಗಿರಬೇಕು, ಅಷ್ಟೇ ಇದರ ಗುಟ್ಟು. ಒಂದು ವಾರದ ಪೇಪರಿನಲ್ಲಿ ಒಂದು ತಿಂಗಳ ಅಭ್ಯಾಸ ನಡೆಯುತ್ತದೆ.

ಕಣ್ಣಳತೆಗೆ ಚೆಂಡು. ಕ್ರಿಕೆಟ್ ಹುಚ್ಚಿನ ಮನೆಗಳಲ್ಲಿ ಕಾಲುಚೀಲದೊಳಗೆ ಚೆಂಡು ಹಾಕಿ ತೂಗುಬಿಟ್ಟಿರುತ್ತಾರೆ, ಬ್ಯಾಟಿಂಗ್ ಅಭ್ಯಾಸಕ್ಕೆ. ಅದನ್ನೇ ಗದ್ದದ ಎತ್ತರಕ್ಕೆ ಏರಿಸಿದರಾಯಿತು. ಚೆಂಡು ಟೆನಿಸ್ ಬಾಲ್ ಆಗಿರಲಿ, ಲೆದರ್ ಬಾಲ್ ಬೇಡ. ಮೇಣದಬತ್ತಿಯನ್ನು ಪಂಚಿನ ಗಾಳಿಯಿಂದ ಆರಿಸುವ ಹಳೇ ಆಟವೂ ಇದೆ. ನೋಡಲು ಚೆಂದ, ಆದರೆ ಪರದೆ, ಹಾಸಿಗೆ ಇರುವ ಕೋಣೆಯಲ್ಲಿ ಅದರ ಅಗತ್ಯ ನನಗಂತೂ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಒಳ್ಳೆಯ ಸಾಧನ ಜೇಬಿನಲ್ಲೇ ಇದೆ. ಫೋನನ್ನು ಕಿಟಕಿಯ ಮೇಲಿಟ್ಟು ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ಮಾಡಿ. ಮೂರು ಕಡೆ ನೋಡಿ: ಪಂಚ್ ಹೊರಡುವ ಮುಂಚೆ ಹೆಗಲು ಎದ್ದಿತೇ? ಹಿಂದಿನ ಹಿಮ್ಮಡಿ ತಿರುಗಿತೇ? ಹೊಡೆಯದ ಕೈ ಇರಬೇಕಾದಲ್ಲೇ ಇತ್ತೇ, ಇಲ್ಲ ತೊಡೆಯ ಕಡೆಗೆ ಜಾರಿತೇ? ಈ ಕೊನೆಯದು ಎಲ್ಲರಲ್ಲೂ ಕಾಣುತ್ತದೆ, ಮತ್ತು ಹೊಡೆಯುವವರಿಗೆ ಅದು ಗೊತ್ತೇ ಆಗುವುದಿಲ್ಲ.

ತಡೆಗೆ ಗೋಡೆಚೀಲ

ಉಳಿದದ್ದು ತಡೆ. ಇದಕ್ಕೆ ತೂಗುವ ಬ್ಯಾಗೇ ಬೇಕಿಲ್ಲ. ಚೀನಾದ ವಿಂಗ್ ಚುನ್ ಅನ್ನುವ ಸಮರಕಲೆ ಕಲಿಯುವವರು ಗೋಡೆಗೆ ತಗಲಿಸಿದ ಚಪ್ಪಟೆ ಚೀಲಕ್ಕೆ ಹೊಡೆಯುತ್ತಾರೆ. ಜಪಾನಿನ ಓಕಿನಾವಾ ದ್ವೀಪದ ಕರಾಟೆಯಲ್ಲಿ ಮಾಕಿವಾರ ಅನ್ನುವ ಹಲಗೆ ಇದೆ. ನೆಲಕ್ಕೆ ನೆಟ್ಟು, ಹೊಡೆಯುವ ಜಾಗಕ್ಕೆ ಭತ್ತದ ಹುಲ್ಲಿನ ಹಗ್ಗ ಸುತ್ತಿರುತ್ತಾರೆ. ಭತ್ತದ ಹುಲ್ಲಿಗೆ ಮಂಡ್ಯದಲ್ಲಿ ಬರವಿಲ್ಲ. ಅದಕ್ಕೇ ತೆಂಗಿನ ಮರಕ್ಕೆ ಹುಲ್ಲು ಸುತ್ತಿ ಹೊಡೆಯುವ ಹುಮ್ಮಸ್ಸು ಕೆಲವರಿಗೆ ಬರುತ್ತದೆ. ಇಲ್ಲೊಂದು ವ್ಯತ್ಯಾಸ ಗಮನಿಸಿ. ಮಾಕಿವಾರದ ಹಲಗೆ ಹೊಡೆದಾಗ ಹಿಂದಕ್ಕೆ ಬಾಗುತ್ತದೆ, ಪೆಟ್ಟಿನ ಒಂದು ಪಾಲನ್ನು ತಾನು ತೆಗೆದುಕೊಳ್ಳುತ್ತದೆ. ತೆಂಗಿನ ಮರ ಬಾಗುವುದಿಲ್ಲ. ಪೆಟ್ಟು ಪೂರ್ತಿ ನಿಮ್ಮ ಗೆಣ್ಣಿಗೇ ವಾಪಸ್. ತೆಂಗಿನ ನಾರಿನ ಹಗ್ಗವಂತೂ ಚರ್ಮವನ್ನೇ ಕಿತ್ತುಬಿಡುತ್ತದೆ.

ಗೋಡೆಚೀಲ ಮನೆಯಲ್ಲೇ ಹೊಲಿಯಬಹುದು. ಹಳೇ ಜೀನ್ಸ್ ಪ್ಯಾಂಟಿನ ತೊಡೆ ಭಾಗದಿಂದ ಒಂದೂಕಾಲಡಿ ಉದ್ದದ ತುಂಡು ಕತ್ತರಿಸಿ. ಕೆಳಬಾಯಿಯನ್ನು ಎರಡು ಸಾಲು ಹೊಲಿಯಿರಿ. ತುಂಬಲು ಟೈಲರ್ ಅಂಗಡಿಯ ಚೂರುಬಟ್ಟೆ. ಕೇಳಿದರೆ ಒಂದು ಚೀಲ ಹಾಗೇ ಕೊಡುತ್ತಾರೆ, ಬ್ಲೌಸ್ ಹೊಲಿಯುವ ಅಂಗಡಿಯಾದರೆ ಇನ್ನೂ ಒಳ್ಳೆಯದು, ಚೂರುಗಳು ಸಣ್ಣಗಿರುತ್ತವೆ. ಗುಂಡಿ, ಹುಕ್ಕು, ಪಿನ್ನು ಒಂದೂ ಉಳಿಯದಂತೆ ಆರಿಸಿ. ಹಿಡಿ ಹಿಡಿಯಾಗಿ ಹಾಕುತ್ತಾ ಲಟ್ಟಣಿಗೆಯ ತುದಿಯಿಂದ ಒತ್ತುತ್ತಾ ಬನ್ನಿ. ಮೂಲೆಗಳನ್ನು ಮೊದಲು ತುಂಬಿ, ಇಲ್ಲದಿದ್ದರೆ ನಾಲ್ಕು ದಿನಕ್ಕೆ ನಡುವೆ ಗುಳಿ ಬೀಳುತ್ತದೆ. ದಪ್ಪ ಒಂದು ಗೇಣಿನ ಅರ್ಧದಷ್ಟಾದರೂ ಇರಲಿ. ಮೇಲ್ಬಾಯಿ ಹೊಲಿದು, ಮೇಲಿನ ಎರಡು ಮೂಲೆಗೆ ಸೊಂಟಪಟ್ಟಿಯ ತುಂಡಿನಿಂದ ಕಿವಿ ಹಾಕಿ, ಗೋಡೆಯ ಎರಡು ಹುಕ್ಕಿಗೆ ತಗಲಿಸಿ. ಹುಕ್ಕುಗಳು ಚೀಲದ ಮೇಲಂಚಿಗಿಂತ ಒಂದು ಗೇಣು ಮೇಲಿರಲಿ, ಕೈ ಜಾರಿದರೂ ತಾಗಬಾರದು. ಚೀಲದ ನಡುಭಾಗ ನಿಮ್ಮ ಎದೆಯೆತ್ತರಕ್ಕೆ ಬರಬೇಕು.

ಮರಳು ತುಂಬಬೇಡಿ. ಮರಳು ದಿನ ಕಳೆದಂತೆ ಕೆಳಗೆ ಕೂತು ಗಟ್ಟಿಯಾಗುತ್ತದೆ, ಕೈಗೆ ಅಪಾಯ. ಸಾಂಪ್ರದಾಯಿಕವಾಗಿ ಕಾಳು ತುಂಬುವುದೂ ಉಂಟು. ನಮ್ಮ ಕಡೆಯ ಮಳೆಗಾಲದಲ್ಲಿ ಅದಕ್ಕೆ ಹುಳ ಬೀಳುತ್ತದೆ, ಇಲಿಯೂ ಬರುತ್ತದೆ.

ಯಾವ ಗೋಡೆ ಅನ್ನುವುದೂ ಮುಖ್ಯ. ಕೋಣೆಗಳ ನಡುವಿನ ನಾಲ್ಕೂವರೆ ಇಂಚಿನ ಗೋಡೆ ತೆಳು, ಹೊಡೆದಾಗ ಅದುರುತ್ತದೆ, ಆ ಕಡೆ ತಗಲಿಸಿದ ಫೋಟೋ ಬೀಳುತ್ತದೆ. ಹೊರಗೋಡೆ ಅಥವಾ ಕಂಬ ಒಳ್ಳೆಯದು. ಪಕ್ಕದ ಮನೆಗೆ ಸೇರಿಕೊಂಡ ಗೋಡೆಯಾದರೆ ಹೇಳುವುದೇ ಬೇಡ, ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ.

ಈ ಚೀಲಕ್ಕೂ ಪೂರ್ತಿ ಬಲದಲ್ಲಿ ಹೊಡೆಯುವಂತಿಲ್ಲ. ಹಿಂದೆ ಇರುವುದು ಗೋಡೆ ಅನ್ನುವುದು ನೆನಪಿರಲಿ. ಅರ್ಧ ಬಲ ಜಾಸ್ತಿಯೇ ಆಯಿತು. ಮಣಿಕಟ್ಟು ಬಾಗದೆ, ಎರಡು ಗೆಣ್ಣೇ ತಗಲಿತೇ ಅಂತ ನೋಡುವುದಕ್ಕೆ ಇದು. ಮಕ್ಕಳ ಮೂಳೆಗಳ ತುದಿಯಲ್ಲಿ ಇನ್ನೂ ಬೆಳೆಯುತ್ತಿರುವ ಮೆದು ಭಾಗ ಇರುತ್ತದೆ. ಹದಿಹರೆಯ ಮುಗಿಯುವ ಹೊತ್ತಿಗೆ ಅದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಗಟ್ಟಿ ವಸ್ತುಗಳಿಗೆ ಹೊಡೆಸುವುದು ಬೇಡ. ಅವರಿಗೆ ಪೇಪರ್, ಚೆಂಡು, ದೊಡ್ಡವರು ಕೈಯಲ್ಲಿ ಹಿಡಿದ ದಿಂಬು ಸಾಕು.

ಫ್ಯಾನ್ ಕೊಕ್ಕೆ ಮತ್ತು ಡಂಬೆಲ್

ನಿಜವಾದ ಬ್ಯಾಗನ್ನೇ ತಂದವರು ಮಾಡುವ ಮೊದಲ ಕೆಲಸ ಫ್ಯಾನ್ ಬಿಚ್ಚಿ ಆ ಕೊಕ್ಕೆಗೆ ತಗಲಿಸುವುದು. ಫ್ಯಾನಿನ ತೂಕ ಕೆಲವೇ ಕಿಲೋ, ಅದು ಇದ್ದಲ್ಲೇ ತಿರುಗುತ್ತದೆ. ಬ್ಯಾಗಿನ ತೂಕ ಹೊಡೆಯುವವರ ತೂಕದ ಅರ್ಧದಷ್ಟಿರಬೇಕು ಅನ್ನುವುದು ರೂಢಿಯ ಲೆಕ್ಕ. ಅಂದರೆ 60 ಕಿಲೋದವರಿಗೆ 30 ಕಿಲೋ. ಅದು ಪ್ರತಿ ಹೊಡೆತಕ್ಕೂ ತೂಗಾಡಿ ಕೊಕ್ಕೆಯನ್ನು ಆ ಕಡೆ ಈ ಕಡೆ ಜಗ್ಗುತ್ತದೆ. ಮದ್ರಾಸ್ ತಾರಸಿಯ ಹಳೇ ಮನೆಯ ತೊಲೆಗೆ ತೂಗುಹಾಕುವ ಮುಂಚೆಯಂತೂ ಆ ತೊಲೆಗೆ ಗೆದ್ದಲು ಹಿಡಿದಿದೆಯೇ ಅಂತ ತಿಳಿದವರಿಗೆ ತೋರಿಸಬೇಕು.

ಕೈಯಲ್ಲಿ ಡಂಬೆಲ್ ಹಿಡಿದು ಗಾಳಿಗೆ ಪಂಚ್ ಮಾಡುವುದು ಇನ್ನೊಂದು ಚಾಳಿ. ಡಂಬೆಲ್ಲಿನ ಭಾರ ಎಳೆಯುವುದು ಕೆಳಕ್ಕೆ. ಪಂಚ್ ಹೋಗುವುದು ಮುಂದಕ್ಕೆ. ಹಾಗಾಗಿ ದಣಿಯುವುದು ಕೈಯನ್ನು ಮೇಲೆ ಹಿಡಿದಿರುವ ಹೆಗಲಿನ ಸ್ನಾಯು, ಪಂಚಿಗೆ ಬೇಕಾದ್ದಲ್ಲ. ಜೊತೆಗೆ ಆ ಭಾರ ವೇಗವಾಗಿ ಹೋಗಿ ನಿಲ್ಲುವಾಗ ಮೊಣಕೈ ಕೀಲನ್ನು ಜಗ್ಗುತ್ತದೆ. ಬರಿಗೈಯಲ್ಲೂ ಈ ತೊಂದರೆ ಇದೆ: ಗಾಳಿಗೆ ಹೊಡೆಯುವಾಗ ಕೈಯನ್ನು ನಿಲ್ಲಿಸಲು ಎದುರಿಗೆ ಏನೂ ಇರುವುದಿಲ್ಲ. ಮೊಣಕೈ ಪೂರ್ತಿ ನೆಟ್ಟಗಾಗಿ ಲಾಕ್ ಆಗುವ ಮುಂಚೆ, ಕೂದಲೆಳೆಯಷ್ಟು ಬಾಗಿರುವಾಗಲೇ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಿ.

ಕರಾಟೆಯೋ, ಬಾಕ್ಸಿಂಗೋ?

ಮನೆಯ ಅಭ್ಯಾಸಕ್ಕೆ ಎರಡೂ ಸರಿ. ಆದರೆ ಬೆರೆಸಬೇಡಿ. ಕರಾಟೆಯ ಮೂಲ ಪಾಠದಲ್ಲಿ ಒಂದು ಕೈ ಹೊಡೆಯುವಾಗ ಇನ್ನೊಂದು ಸೊಂಟಕ್ಕೆ ಬರುತ್ತದೆ, ಮುಷ್ಟಿ ಕೊನೆಯಲ್ಲಿ ಅಂಗೈ ಕೆಳಗಾಗುವಂತೆ ತಿರುಗುತ್ತದೆ. ಬಾಕ್ಸಿಂಗಿನಲ್ಲಿ ಇನ್ನೊಂದು ಕೈ ಕೆನ್ನೆಯ ಪಕ್ಕವೇ ಇರಬೇಕು. ಕ್ಲಾಸಿನಲ್ಲಿ ಕಲಿತದ್ದು ಯಾವುದೋ ಅದನ್ನೇ ಮನೆಯಲ್ಲೂ ಮಾಡಿ. ಬಾಕ್ಸಿಂಗಿನ ಹುಕ್ ಪಕ್ಕದಿಂದ ಬರುವ ಹೊಡೆತ, ಅದಕ್ಕೆ ಅಕ್ಕಪಕ್ಕ ಜಾಗ ಬೇಕು. ಬೀರುವಿನ ಕನ್ನಡಿ ಹತ್ತಿರ ಅದು ಬೇಡ.

ಗರಡಿಯಿಂದ ತರಬಹುದಾದದ್ದು

ಮೈಸೂರಿನವರಿಗೆ ಮುಷ್ಟಿ ಅಂದ ಕೂಡಲೇ ನೆನಪಾಗುವುದು ವಿಜಯದಶಮಿಯ ವಜ್ರಮುಷ್ಟಿ ಕಾಳಗ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ಅನ್ನುವ ಆಯುಧ ತೊಟ್ಟು ಅರಮನೆಯಲ್ಲಿ ಎದುರಾಗುತ್ತಾರೆ, ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯುತ್ತದೆ. ಅದು ಬೇರೆಯದೇ ಪರಂಪರೆ, ಮನೆಯ ಅಭ್ಯಾಸಕ್ಕೆ ಅಲ್ಲಿಂದ ತರುವುದೇನಿಲ್ಲ. ಗರಡಿಮನೆಯ ಕುಸ್ತಿಯಲ್ಲಂತೂ ಗುದ್ದುವುದೇ ನಿಷಿದ್ಧ.

ಆದರೆ ಗರಡಿಯ ಸಾಮು ತುಂಬಾ ಉಪಯೋಗಕ್ಕೆ ಬರುತ್ತದೆ. ದಂಡ ಹೊಡೆಯುವುದರಿಂದ ಎದೆ, ಹೆಗಲು, ತೋಳಿನ ಹಿಂಭಾಗ ಬಲಿಯುತ್ತದೆ. ಬಸ್ಕಿ ಕಾಲಿಗೆ. ನಾವು ಆಗಲೇ ನೋಡಿದಂತೆ ಪಂಚ್ ಹೊರಡುವುದೇ ಕಾಲಿನಿಂದ. ಎರಡಕ್ಕೂ ಬೇಕಾದ್ದು ಮಲಗುವಷ್ಟು ಜಾಗ. ದಂಡವನ್ನು ಮುಷ್ಟಿಯ ಮೇಲೆ ಮಾಡಿದರೆ ಮಣಿಕಟ್ಟು ನೇರ ನಿಲ್ಲುವುದನ್ನೂ ಕಲಿಯುತ್ತದೆ. ನೆಲ ಗಟ್ಟಿಯಾದರೆ ಟವೆಲ್ ಮಡಚಿ ಹಾಕಿಕೊಳ್ಳಿ.

ಎಷ್ಟು ಹೊತ್ತು?

ಬಾಕ್ಸಿಂಗಿನ ಒಂದು ಸುತ್ತು 3 ನಿಮಿಷ, ನಡುವೆ 1 ನಿಮಿಷ ವಿರಾಮ. ಹೊಸಬರಿಗೆ 2 ನಿಮಿಷದ ಸುತ್ತು ಸಾಕು, ಅದೂ ಉದ್ದವೇ ಅನ್ನಿಸುತ್ತದೆ. ಮೊದಲ ಸುತ್ತು ನಿಧಾನದ ಪಂಚ್, ಎರಡನೆಯದು ಗೋಡೆ ಪಕ್ಕ ಮೊಣಕೈ ನೋಡಿಕೊಂಡು, ಮೂರನೆಯದು ಪೇಪರಿಗೆ, ಆಮೇಲೆ ಬೇಕಿದ್ದರೆ ಚೀಲಕ್ಕೆ. ಪ್ರತಿ ಪಂಚಿಗೂ ಬಾಯಿಂದಲೋ ಮೂಗಿಂದಲೋ ಚುಟುಕಾಗಿ ಉಸಿರು ಬಿಡಿ. ಕೂಗಬೇಕಾಗಿಲ್ಲ, ಕೆಳಗಡೆ ಮನೆಯ ಓನರ್ ಇರುತ್ತಾರೆ, ಅಲ್ವಾ?

ವಾರಕ್ಕೆ ಮೂರು ನಾಲ್ಕು ದಿನ, ಇಪ್ಪತ್ತು ನಿಮಿಷ. ಚೀಲಕ್ಕೆ ಹೊಡೆಯುವುದನ್ನು ದಿನ ಬಿಟ್ಟು ದಿನ ಮಾಡಿ. ಸ್ನಾಯು ಬೇಗ ಬಲಿಯುತ್ತದೆ, ಆದರೆ ಕೀಲಿನ ಸುತ್ತಲ ತಂತುಗಳು ಮತ್ತು ಮೂಳೆ ನಿಧಾನ. ಕೈಗೆ ಶಕ್ತಿ ಬಂತು ಅನ್ನಿಸಿದಾಗಲೂ ಗೆಣ್ಣು ಇನ್ನೂ ತಯಾರಾಗಿರುವುದಿಲ್ಲ.

ಮನೆಯಲ್ಲಿ ಸಿಗದ್ದು ಒಂದಿದೆ: ಎದುರಿಗೆ ಅಲುಗಾಡುವ, ತಪ್ಪಿಸಿಕೊಳ್ಳುವ, ತಿರುಗಿ ಹೊಡೆಯುವ ಮನುಷ್ಯ. ಅದಕ್ಕೆ ಕ್ಲಾಸಿಗೇ ಹೋಗಬೇಕು. ಮನೆಯಲ್ಲಿ ಎಷ್ಟೇ ಚೆನ್ನಾಗಿ ಪಂಚ್ ಬಂದರೂ ಬೀದಿಯ ಅಪಾಯಕ್ಕೆ ಅದೊಂದೇ ಸಾಲದು.

ಕೈಯ ಜೋಪಾನ

ಖರ್ಚು ಮಾಡುವುದಾದರೆ ಮೊದಲು ಗ್ಲೌಸ್‌ಗಿಂತ ಕೈಗೆ ಸುತ್ತುವ ಪಟ್ಟಿ ತನ್ನಿ. ಮಾರಾಟಕ್ಕೆ ಸಿಗುವುದು ಸಾಮಾನ್ಯವಾಗಿ ನಾಲ್ಕೂವರೆ ಮೀಟರ್ ಉದ್ದ, ಎರಡು ಇಂಚು ಅಗಲ. ಹಳೇ ಕಾಟನ್ ಪಂಚೆಯನ್ನು ಉದ್ದಕ್ಕೆ ಸೀಳಿದರೂ ಆಗುತ್ತದೆ. ಎಂಟು ಮೊಳದ ಪಂಚೆ ಸ್ವಲ್ಪ ಗಿಡ್ಡವಾಗುತ್ತದೆ, ಸಣ್ಣ ಕೈಗೆ ಸಾಕು. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು, ಬೆರಳುಗಳ ನಡುವೆ ಹಾಯಿಸಿ, ಮತ್ತೆ ಮಣಿಕಟ್ಟಿಗೆ. ಬೆರಳು ನೀಲಿಯಾದರೆ ಬಿಗಿ ಜಾಸ್ತಿ. ಉಂಗುರವನ್ನು ಮೊದಲೇ ತೆಗೆದಿಡಿ. ಕೈ ಊದಿಕೊಂಡ ಮೇಲೆ ಅದು ಹೊರಬರುವುದಿಲ್ಲ.

ಗೆಣ್ಣಿನ ಚರ್ಮ ಸುಲಿದರೆ ತೊಳೆದು, ವಾಸಿಯಾಗುವವರೆಗೆ ಚೀಲ ಬಿಡಿ, ಪೇಪರಿಗೆ ಮಾಡಿ. ಕಿರುಬೆರಳಿನ ಕಡೆ ಊತ ಬಂದರೆ, ಅಲ್ಲಿನ ಗೆಣ್ಣು ಒಳಗೆ ಕುಸಿದಂತೆ ಕಂಡರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಎಕ್ಸ್‌ರೇ ಮಾಡಿಸಿ. ಕೈಯನ್ನು ನಿಧಾನವಾಗಿ ಮಡಚಿಯೂ ನೋಡಬಹುದು. ಮಡಚಿದಾಗ ಬೆರಳುಗಳು ಒಂದರ ಪಕ್ಕ ಒಂದು ಕೂರಬೇಕು. ಯಾವುದಾದರೂ ಬೆರಳು ಪಕ್ಕದ್ದರ ಮೇಲೆ ಅಡ್ಡ ಬಂದರೆ ಮೂಳೆ ಮುರಿದು ತಿರುಗಿರಬಹುದು. ನೋವು ಕಡಿಮೆ ಇದ್ದರೂ ಅವತ್ತೇ ಮೂಳೆ ವೈದ್ಯರಿಗೆ ತೋರಿಸಬೇಕು.